ಗಾಳದ ನೊಣಕ್ಕೆ ಊರ ಹುಂಜದ ಗರಿ

ಬನವಾಸಿ ಕಡೆಯಿಂದ ಗುಡ್ನಾಪುರಕ್ಕೆ ಹೋದವರ ಕಣ್ಣಿಗೆ ಮೊದಲು ಬೀಳುವುದು ಅಲ್ಲಿನ ಕೆರೆ. ಕದಂಬರ ದೊರೆ ರವಿವರ್ಮನ ಸ್ತಂಭ ಶಾಸನ ಸಿಕ್ಕಿದ್ದು ಈ ಊರಿನಲ್ಲೇ ಎಂಬುದು ಇತಿಹಾಸ ಓದಿದವರಿಗೆ ಗೊತ್ತು. ಓದದವರಿಗೂ ಕೆರೆ ಗೊತ್ತು. ಸಂಜೆ ಗಾಳಿ ನಿಂತು ನೀರು ಕನ್ನಡಿಯಾದ ಹೊತ್ತಿನಲ್ಲಿ ಇಂಥ ಕೆರೆಯ ದಂಡೆಯ ಮೇಲೆ ಸುಮ್ಮನೆ ಕುಳಿತು ನೋಡಬೇಕು. ಅಲ್ಲೊಂದು ಇಲ್ಲೊಂದು ಉಂಗುರ ಏಳುತ್ತದೆ. ಮಳೆಹನಿ ಬಿದ್ದದ್ದಲ್ಲ. ನೀರಿನ ಮೇಲೆ ಬಿದ್ದ ನೊಣವನ್ನೋ ರೆಕ್ಕೆ ಬಂದ ಗೆದ್ದಲನ್ನೋ ಮೀನು ಕೆಳಗಿನಿಂದ ಬಂದು ನುಂಗಿಹೋದ ಗುರುತು ಅದು.

ಅಲ್ಲಿ ಎಂಟನೆಯ ತರಗತಿಯ ಹುಡುಗನೊಬ್ಬ ತನ್ನ ಅಜ್ಜನ ಜೊತೆ ಗಾಳ ಹಾಕಿಕೊಂಡು ಕುಳಿತಿದ್ದಾನೆ ಎಂದು ಇಟ್ಟುಕೊಳ್ಳಿ. ಅಜ್ಜನ ಗಾಳಕ್ಕೆ ಎರೆಹುಳು. ಹುಡುಗನ ತಲೆಯಲ್ಲಿ ಮಾತ್ರ ಮೊಬೈಲಿನಲ್ಲಿ ಕಂಡ ಬೇರೆಯದೇ ಗಾಳ. ಹುಳುವೂ ಇಲ್ಲ, ಹಿಟ್ಟಿನ ಉಂಡೆಯೂ ಇಲ್ಲ. ಪುಟ್ಟ ಕೊಕ್ಕೆಗೆ ಗರಿ, ನೂಲು ಸುತ್ತಿ ನೊಣದ ಹಾಗೆ ಮಾಡಿರುತ್ತಾರೆ. ಅದನ್ನು ನೀರಿನ ಮೇಲೆ ತೇಲಿಬಿಟ್ಟರೆ ಮೀನು ಮೋಸಹೋಗುತ್ತದೆ. ಇಂಗ್ಲಿಷರು ಇದನ್ನು ‘ಫ್ಲೈ’ ಎನ್ನುತ್ತಾರೆ. ನಾವು ಹುಸಿನೊಣ ಎಂದು ಕರೆಯೋಣ.

‘ಅಜ್ಜಾ, ಅದನ್ನ ಕಟ್ಟೋ ಸಾಮಾನಿನ ಪೆಟ್ಟಿಗೆ ತರಿಸೂಕೆ ಮೂರು ಸಾವಿರ ಬೇಕಂತೆ. ಅಪ್ಪಂಗೆ ನೀನೇ ಹೇಳು.’

‘ಗರಿಗೆ ಮೂರು ಸಾವಿರ ಕೊಡ್ತಾರನಾ ತಮಾ? ಕೊಟ್ಟಿಗೆ ಹಿಂದೆ ನಮ್ಮ ಹುಂಜ ಉದುರಿಸಿದ್ದು ಏನು ಮತ್ತೆ?’

ಅಜ್ಜ ಪ್ರಶ್ನೆ ಕೇಳಿದ್ದು ಮೂರು ಸಾವಿರ ಉಳಿಸಲು. ಆದರೆ ಅದಕ್ಕೆ ಸರಿಯಾಗಿ ಉತ್ತರ ಹೇಳಹೊರಟರೆ ಭೌತವಿಜ್ಞಾನ ಬೇಕು, ಪ್ರಾಣಿವಿಜ್ಞಾನ ಬೇಕು, ಸ್ವಲ್ಪ ಕಾನೂನೂ ಬೇಕು.

ಮೊದಲು ಸ್ವಲ್ಪ ಇತಿಹಾಸ. ಹುಸಿನೊಣದ ಬಗ್ಗೆ ಸಿಗುವ ಬಹಳ ಹಳೆಯ ಬರಹ ಈಲಿಯನ್ ಎಂಬ ರೋಮನ್ ಲೇಖಕನದು. ಕ್ರಿ.ಶ. 200ರ ಆಸುಪಾಸಿನಲ್ಲಿ ಇದ್ದವನು. ಪ್ರಾಣಿಗಳ ಕುರಿತ ತನ್ನ ಗ್ರಂಥದಲ್ಲಿ ಮ್ಯಾಸಿಡೋನಿಯಾದ ನದಿಯೊಂದರ ಬೆಸ್ತರ ವಿಚಾರ ಹೇಳುತ್ತಾನೆ. ಅಲ್ಲಿನ ಮೀನು ನೀರಿನ ಮೇಲೆ ಹಾರಾಡುವ ಒಂದು ಬಗೆಯ ನೊಣವನ್ನು ತಿನ್ನುತ್ತದೆ. ಆದರೆ ಆ ನೊಣವನ್ನೇ ಹಿಡಿದು ಕೊಕ್ಕೆಗೆ ಚುಚ್ಚಹೋದರೆ ಕೈ ತಾಗಿದ ಕೂಡಲೇ ಅದರ ಬಣ್ಣ ಕೆಡುತ್ತದೆ, ರೆಕ್ಕೆ ಬಾಡುತ್ತದೆ. ಬೆಸ್ತರು ಏನು ಮಾಡಿದರು? ಕೊಕ್ಕೆಗೆ ಕೆಂಪು ಉಣ್ಣೆ ಸುತ್ತಿದರು, ಹುಂಜದ ಗಲ್ಲದ ಜೋಲಿನ ಕೆಳಗೆ ಬೆಳೆಯುವ ಮೇಣದ ಬಣ್ಣದ ಎರಡು ಗರಿ ಕಟ್ಟಿದರು. ಸಾಮಾನಿನ ಪಟ್ಟಿ ಅಲ್ಲಿಗೆ ಮುಗಿಯಿತು. ಮನೆಯ ಕುರಿ, ಮನೆಯ ಕೋಳಿ!

ನಮ್ಮ ಕಡೆಗೆ ಈ ವಿದ್ಯೆ ಬಂದದ್ದು ಬ್ರಿಟಿಷ್ ಅಧಿಕಾರಿಗಳ ಜೊತೆ. ಮದ್ರಾಸ್ ಸಿವಿಲ್ ಸರ್ವಿಸಿನಲ್ಲಿದ್ದ ಹೆನ್ರಿ ಸಲಿವನ್ ಥಾಮಸ್ ಎಂಬಾತ ದಕ್ಷಿಣ ಕನ್ನಡದಲ್ಲಿ ಕೆಲಸ ಮಾಡಿದವನು. ಭಾರತದ ಗಾಳ ಹವ್ಯಾಸಿಗಳು ಬಹುಕಾಲ ಕೈಪಿಡಿಯಾಗಿ ಬಳಸಿದ ‘ದಿ ರಾಡ್ ಇನ್ ಇಂಡಿಯಾ’ ಇವನದೇ. ಆ ಪುಸ್ತಕ ಮೊದಲು ಅಚ್ಚಾದದ್ದು ಲಂಡನ್ನಿನಲ್ಲಲ್ಲ, 1873ರಲ್ಲಿ ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯದಲ್ಲಿ. ಮುಂದೆ 1887ರಲ್ಲಿ ಆತ ಕೆರೆಗಳಲ್ಲಿ ಗಾಳ ಹಾಕುವುದರ ಮೇಲೆಯೇ ಇನ್ನೊಂದು ಪುಸ್ತಕ ಬರೆದ. ಕೆರೆ ಎಂದರೆ ಬರೀ ನೀರಾವರಿ ಎಂದುಕೊಳ್ಳುವವರಿಗೆ ಇದು ಅಚ್ಚರಿಯೇ ಸರಿ.

ಇನ್ನು ಮೀನಿನ ಕಡೆಗೆ ಬರೋಣ. ಮೀನಿಗೆ ಹುಸಿನೊಣ ಹೇಗೆ ಕಾಣುತ್ತದೆ? ಹುಡುಗ ದಂಡೆಯ ಮೇಲೆ ಕೂತು, ಗರಿಯನ್ನು ಬೆಳಕಿಗೆ ಹಿಡಿದು, ಬಣ್ಣ ನೋಡಿ ಮೆಚ್ಚುತ್ತಾನೆ. ಮೀನು ಅದನ್ನು ನೋಡುವುದು ಕೆಳಗಿನಿಂದ, ಹೊಳೆಯುವ ಆಕಾಶದ ಎದುರಿಗೆ. ಕಿಟಕಿಯ ಬೆಳಕಿಗೆ ಬೆನ್ನು ಹಾಕಿ ನಿಂತವರ ಮುಖ ನಮಗೆ ಕಪ್ಪಾಗಿ ಕಾಣುತ್ತದಲ್ಲ, ಹಾಗೆ. ಬಣ್ಣಕ್ಕಿಂತ ಆಕಾರ, ಗಾತ್ರ ಮತ್ತು ಚಲನೆ ಅದಕ್ಕೆ ಮುಖ್ಯ.

ಮತ್ತೊಂದು ಸ್ವಾರಸ್ಯ ಇದೆ. ಹತ್ತನೆಯ ತರಗತಿಯಲ್ಲಿ ಬೆಳಕಿನ ವಕ್ರೀಭವನ ಓದುತ್ತೀರಿ. ಗಾಳಿಯಿಂದ ನೀರಿಗೆ ಬರುವ ಬೆಳಕು ಬಾಗುವುದರಿಂದ ಮೀನಿಗೆ ಹೊರಜಗತ್ತೆಲ್ಲ ತಲೆಯ ಮೇಲಿನ ಒಂದು ದುಂಡು ಕಿಂಡಿಯೊಳಗೇ ಕಾಣುತ್ತದೆ. ಆ ಕಿಂಡಿಯ ಕೋನ ಸುಮಾರು 97 ಡಿಗ್ರಿ. ಮೀನು ಒಂದು ಮೀಟರ್ ಆಳದಲ್ಲಿದ್ದರೆ ಕಿಂಡಿಯ ಅಡ್ಡಳತೆ ಎರಡೂಕಾಲು ಮೀಟರಿನಷ್ಟು. ಅದರ ಹೊರಗೆ ನೀರಿನ ಮೇಲ್ಮೈ ಕನ್ನಡಿಯಂತೆ ವರ್ತಿಸಿ ಕೆರೆಯ ತಳವನ್ನೇ ಪ್ರತಿಬಿಂಬಿಸುತ್ತದೆ. ಹುಸಿನೊಣ ಇನ್ನೂ ಆ ಕನ್ನಡಿಯ ಭಾಗದಲ್ಲಿ ಇರುವಾಗ ಮೀನಿಗೆ ಗರಿ ಕಾಣುವುದೇ ಇಲ್ಲ! ಗರಿಯ ಎಳೆಗಳು ನೀರನ್ನು ಒತ್ತಿದ ಕಡೆಯಲ್ಲೆಲ್ಲ ಮೇಲ್ಮೈ ತಗ್ಗಿ, ಆ ತಗ್ಗುಗಳು ಚುಕ್ಕಿ ಚುಕ್ಕಿಯಾಗಿ ಮಿನುಗುತ್ತವೆ. ನಿಜವಾದ ನೊಣದ ಆರು ಕಾಲುಗಳು ಮಾಡುವುದೂ ಇಂಥ ಚುಕ್ಕಿಗಳನ್ನೇ. ದುಬಾರಿ ಗರಿಯ ಚುಕ್ಕಿಗೂ ಅಗ್ಗದ ಗರಿಯ ಚುಕ್ಕಿಗೂ ಇಲ್ಲಿ ಭೇದವಿಲ್ಲ. ಎಳೆ ಗಡುಸಾಗಿದ್ದರೆ ಸರಿ.

ಹಾಗಾದರೆ ಉಕ್ಕಿನ ಕೊಕ್ಕೆ ತೇಲುವುದು ಹೇಗೆ? ಉಕ್ಕು ನೀರಿಗಿಂತ ಎಂಟು ಪಟ್ಟಿನಷ್ಟು ಭಾರ. ಆರ್ಕಿಮಿಡೀಸನ ತತ್ವದ ಪ್ರಕಾರ ಮುಳುಗಲೇಬೇಕು. ಇಲ್ಲಿ ಸಹಾಯಕ್ಕೆ ಬರುವುದು ಮೇಲ್ಮೈ ಎಳೆತ. ನೀರಿನ ಮೇಲ್ಮೈ ಬಿಗಿದ ಪೊರೆಯ ಹಾಗೆ ವರ್ತಿಸುತ್ತದೆ. ಅದು ತಾಗಿದ ಅಂಚಿನ ಪ್ರತಿ ಮಿಲಿಮೀಟರಿಗೆ ಹೆಚ್ಚೆಂದರೆ ಏಳು ಮಿಲಿಗ್ರಾಂ ಭಾರ ಹೊರಬಲ್ಲದು. ಸಣ್ಣ ಹುಸಿನೊಣ 50 ಮಿಲಿಗ್ರಾಂ ತೂಗುತ್ತದೆ ಎಂದರೆ ಏಳು ಮಿಲಿಮೀಟರಿಗಿಂತ ತುಸು ಹೆಚ್ಚು ಅಂಚು ಸಾಕಾಯಿತು. ಒಂದು ಗರಿಯನ್ನು ನಾಲ್ಕೈದು ಸುತ್ತು ಸುತ್ತಿದರೆ ಹತ್ತಾರು ಎಳೆಗಳು ನೀರಿನ ಮೇಲೆ ಒರಗುತ್ತವೆ, ಅವುಗಳ ಒಟ್ಟು ಉದ್ದ ಅದಕ್ಕಿಂತ ಎಷ್ಟೋ ಪಟ್ಟು. ಪುಸ್ತಕದ ಲೆಕ್ಕದಲ್ಲಿ ಗಾಳಿ ಬೀಸುವುದಿಲ್ಲ, ಕೆರೆಯಲ್ಲಿ ಬೀಸುತ್ತದೆ. ಆದ್ದರಿಂದ ಒಂದೆರಡು ಸುತ್ತು ಹೆಚ್ಚೇ ಇರಲಿ.

ಗಡುಸು ಎಳೆ ಬೇಕು ಎಂದಾಯಿತು. ಇಲ್ಲಿಯೇ ಕೋಳಿಯ ಆಯ್ಕೆ ಬರುವುದು. ಪೇಟೆಯ ಕೋಳಿ ಅಂಗಡಿಯ ಹಿಂದೆ ಬ್ರಾಯ್ಲರ್ ಗರಿ ರಾಶಿ ಬಿದ್ದಿರುತ್ತದೆ, ಪುಕ್ಕಟೆ. ಆದರೆ ಅದು ಈ ಕೆಲಸಕ್ಕೆ ಬಾರದು. ಬ್ರಾಯ್ಲರ್ ಎಂದರೆ ಆರು ವಾರದ ಮರಿ. ದೇಹ ದೊಡ್ಡದಾಗಿದ್ದರೂ ಪ್ರಾಯಕ್ಕೆ ಬಂದಿರುವುದಿಲ್ಲ, ಗರಿ ಮೆತ್ತಗೆ. ಬೆಳೆದ ಊರ ಹುಂಜದ ಕುತ್ತಿಗೆಯ ಗರಿ ನೋಡಿ: ಉದ್ದ, ಚೂಪು, ಹೊಳಪು. ಕೈಮಸೂರ ಇದ್ದರೆ ಇನ್ನೂ ಒಂದು ಸಂಗತಿ ಕಾಣುತ್ತದೆ. ಸಾಮಾನ್ಯ ಗರಿಯಲ್ಲಿ ಎಳೆಗಳು ಒಂದಕ್ಕೊಂದು ಪುಟ್ಟ ಕೊಂಡಿಗಳಿಂದ ಹೆಣೆದುಕೊಂಡು ಬಟ್ಟೆಯಂತಾಗಿರುತ್ತವೆ. ಹುಂಜದ ಕುತ್ತಿಗೆ ಗರಿಯ ಅಂಚಿನಲ್ಲಿ ಆ ಕೊಂಡಿಗಳಿಲ್ಲ, ಎಳೆಗಳು ಬಿಡಿ ಬಿಡಿ. ಕೊಂಡಿ ಇರುವ ಕಡೆ ನೀರು ಹಿಡಿದು ನಿಲ್ಲುತ್ತದೆ, ಇಲ್ಲದ ಕಡೆ ಜಾರಿಹೋಗುತ್ತದೆ. ಬೇಕಾದದ್ದೂ ಅದೇ.

ಹೇಂಟೆಗೆ ಇಂಥ ಗರಿ ಏಕೆ ಬರುವುದಿಲ್ಲ? ಹುಂಜಕ್ಕೆ ಅಲಂಕಾರ ಮಾಡುವ ಹಾರ್ಮೋನು ಬೇರೆ ಇರಬೇಕು ಎಂದು ಎಲ್ಲರೂ ಊಹಿಸುವುದುಂಟು. ವಿಷಯ ತಿರುವುಮುರುವು. ಹುಂಜದಂಥ ಗರಿ ಕೋಳಿಜಾತಿಗೆ ಸಹಜವಾದದ್ದು. ಹೇಂಟೆಯ ಅಂಡಾಶಯದಿಂದ ಬರುವ ಈಸ್ಟ್ರೋಜನ್ ಅದನ್ನು ತಡೆದು ಗರಿಯನ್ನು ಮೋಟಾಗಿ, ದುಂಡಾಗಿ ಬೆಳೆಸುತ್ತದೆ. ರೋಗದಿಂದ ಅಂಡಾಶಯ ಕೆಟ್ಟ ಮುದಿ ಹೇಂಟೆಗೆ ಹುಂಜದ ಗರಿ ಬರುವುದುಂಟು. ಅಂಥದನ್ನು ಕಂಡರೆ ಅಪಶಕುನ ಎಂದು ಹೆದರುವ ಮೊದಲು ಇದನ್ನು ನೆನೆಯಬಹುದು.

ವಿದೇಶಗಳಲ್ಲಿ ಈ ಗರಿಗಾಗಿಯೇ ತಳಿ ಬೆಳೆಸುತ್ತಾರೆ. ಒಳ್ಳೆಯ ದರ್ಜೆಯ ಒಂದು ಕುತ್ತಿಗೆಯ ತೊಗಲಿಗೆ ನೂರು ಡಾಲರ್ ಮೀರುತ್ತದೆ. 2011ರಲ್ಲಿ ಅಮೆರಿಕದಲ್ಲಿ ಹೆಂಗಳೆಯರು ತಲೆಗೂದಲಿಗೆ ಉದ್ದನೆಯ ಹುಂಜದ ಗರಿ ಸಿಕ್ಕಿಸಿಕೊಳ್ಳುವ ಫ್ಯಾಷನ್ ಹಬ್ಬಿ, ಗಾಳದ ಸಾಮಾನಿನ ಅಂಗಡಿಗಳು ಬರಿದಾದವು. ಗರಿಯ ಬೆಲೆ ಹಲವು ಪಟ್ಟು ಏರಿತು. ಗಾಳ ಹಾಕುವವರು ಕೂದಲಂಗಡಿಯವರ ಮೇಲೆ ಸಿಟ್ಟಾದರು. ನಮ್ಮ ಅಜ್ಜನ ಹುಂಜಕ್ಕೆ ಇದ್ಯಾವುದೂ ತಿಳಿಯದು.

ಗರಿ ಸಿಕ್ಕಿತು. ಉಳಿದ ಸಾಮಾನು ಗುಡ್ನಾಪುರದಂಥ ಊರಿನಲ್ಲಿ ಎಷ್ಟು ಸಿಕ್ಕೀತು, ನೋಡೋಣ. ಕೊಕ್ಕೆಯನ್ನು ಮಾತ್ರ ದುಡ್ಡು ಕೊಟ್ಟೇ ತರಬೇಕು. ಅದರಲ್ಲಿ ಜಿಪುಣತನ ಸಲ್ಲದು, ತುಕ್ಕು ಹಿಡಿದ ಕೊಕ್ಕೆ ಮೀನಿಗೂ ಬೆರಳಿಗೂ ಕೆಟ್ಟದ್ದು. ಸಣ್ಣದು, ತೆಳು ತಂತಿಯದು ಇರಲಿ. ತಂದ ಕೂಡಲೇ ಅದರ ಹಿಮ್ಮುಳ್ಳನ್ನು ಇಕ್ಕಳದಿಂದ ಒತ್ತಿ ಚಪ್ಪಟೆ ಮಾಡುವುದು ಲೇಸು. ಬೆರಳಿಗೆ ಚುಚ್ಚಿದರೂ ಸುಲಭವಾಗಿ ಬರುತ್ತದೆ, ಚಿಕ್ಕ ಮೀನನ್ನು ಗಾಯವಿಲ್ಲದೆ ಬಿಡಲೂಬಹುದು. ಈ ಕೆಲಸವನ್ನು ಮಾತ್ರ ಪಾಲಕರು ಎದುರಿಗಿದ್ದು ಮಾಡಿಸಬೇಕು.

ಕೊಕ್ಕೆ ಹಿಡಿಯಲು ಪೆಟ್ಟಿಗೆಯಲ್ಲಿ ಒಂದು ಹಿಡಿಕಟ್ಟು ಬರುತ್ತದೆ, ಬೆಲೆಯ ದೊಡ್ಡ ಪಾಲು ಅದಕ್ಕೇ. ಮನೆಯ ಇಕ್ಕಳದ ಬಾಯಲ್ಲಿ ಕೊಕ್ಕೆ ಕಚ್ಚಿಸಿ, ಹಿಡಿಕೆಗಳಿಗೆ ಸೈಕಲ್ ಟ್ಯೂಬಿನ ರಬ್ಬರ್ ಸುತ್ತಿ, ಎರಡು ಇಟ್ಟಿಗೆಗಳ ನಡುವೆ ನಿಲ್ಲಿಸಿದರೆ ಅದೇ ಹಿಡಿಕಟ್ಟು. ದಾರ ಟೇಲರನ ಪಾಲಿಯೆಸ್ಟರ್ ದಾರ. ಅದನ್ನು ಖಾಲಿ ಬಾಲ್‌ಪೆನ್ ರೀಫಿಲ್ ಒಳಗಿಂದ ತೂರಿಸಿ, ಹಿಂದುಗಡೆ ಬಾಬಿನ್ ಜೋತುಬಿಟ್ಟರೆ ಬಾಬಿನ್ನಿನ ಭಾರಕ್ಕೆ ದಾರ ಬಿಗಿಯಾಗಿ ನಿಲ್ಲುತ್ತದೆ, ಎರಡೂ ಕೈ ಬಿಡುವಾಗುತ್ತದೆ. ದಾರ ಜಾರದಿರಲು ಜೇನುಮೇಣ ತಿಕ್ಕಬೇಕು. ಶಿರಸಿ ಸೀಮೆಯಲ್ಲಿ ಜೇನು ಸಾಕುವವರಿಗೆ ಬರವಿಲ್ಲ. ತುಪ್ಪ ತೆಗೆದ ಮೇಲೆ ಉಳಿದ ಮೇಣದ ಚೂರು ಕೇಳಿದರೆ ಕೊಟ್ಟಾರು.

ಹೊಟ್ಟೆಗೆ ಏನು ಸುತ್ತುವುದು? ಹಳೆ ಸ್ವೆಟರಿನ ಉಣ್ಣೆ ಆದೀತು, ಆದರೆ ಅದು ನೀರು ಕುಡಿಯುತ್ತದೆ. ತೇಲಬೇಕಾದ ನೊಣಕ್ಕೆ ಬೂರುಗದ ಹತ್ತಿಯಂಥದು ಬೇರೆ ಇಲ್ಲ. ಅದರ ಒಂದೊಂದು ಎಳೆಯೂ ಟೊಳ್ಳು ನಳಿಕೆ, ಒಳಗೆ ಗಾಳಿ, ಹೊರಗೆ ಮೇಣದ ಲೇಪ. ಅರಳೆ ಹತ್ತಿ ನೀರಿಗೆ ಹಾಕಿದರೆ ಮುಳುಗುತ್ತದೆ, ಬೂರುಗದ ಹತ್ತಿ ತೇಲುತ್ತಲೇ ಇರುತ್ತದೆ. ಇದರ ಸೋದರ ಮರವಾದ ಬಿಳಿ ಬೂರುಗದ ಹತ್ತಿಯನ್ನು ಹಡಗಿನವರ ಜೀವರಕ್ಷಕ ಅಂಗಿಗಳಲ್ಲಿ ತುಂಬುತ್ತಿದ್ದುದು ಇದೇ ಗುಣಕ್ಕಾಗಿ. ಬೇಸಿಗೆಯಲ್ಲಿ ರಸ್ತೆಬದಿಗೆ ಹಾರಿಬಂದು ಬಿದ್ದದ್ದನ್ನು ಒಂದು ಮುಷ್ಟಿ ಆಯ್ದುಕೊಂಡರೆ ವರ್ಷವಿಡೀ ಸಾಕು.

ಇನ್ನು ಬೆಂಡು. ಶಿರಸಿ, ಸಿದ್ದಾಪುರ, ಸಾಗರ, ಸೊರಬದ ಗುಡಿಗಾರರು ಮದುವೆಯ ಬಾಸಿಂಗ ಮಾಡುವುದು ಈ ಬೆಂಡಿನಿಂದಲೇ. ಕೆರೆಯಂಚಿನಲ್ಲಿ ಬೆಳೆಯುವ ಗಿಡದ ಕಾಂಡ, ಒತ್ತಿದರೆ ಬೆರಳಚ್ಚು ಮೂಡುವಷ್ಟು ಮೃದು, ಹಿಡಿದದ್ದೇ ಗೊತ್ತಾಗದಷ್ಟು ಹಗುರ. ಥಾಮಸನ ಕಾಲದ ಸಾಹೇಬರು ಬಿಸಿಲಿಗೆ ಇಡುತ್ತಿದ್ದ ಸೋಲಾ ಟೋಪಿಯೂ ಇದರದೇ. ಒಡೆದ ಬಾಸಿಂಗದ ತುಂಡೊಂದನ್ನು ಬ್ಲೇಡಿನಿಂದ ಕಡಲೆಕಾಯಿ ಗಾತ್ರಕ್ಕೆ ಕೊರೆದು ಕೊಕ್ಕೆಗೆ ಕಟ್ಟಿ, ಹಿಂದೆ ಎರಡು ಗರಿ ಕಾಲಿನಂತೆ ಬಿಟ್ಟರೆ ಕಪ್ಪೆಮರಿ ಸಿದ್ಧ.

ಕಟ್ಟುವ ಕ್ರಮ ಹೇಳಿದಷ್ಟು ಕಷ್ಟದ್ದಲ್ಲ. ಮೇಣ ತಿಕ್ಕಿದ ದಾರವನ್ನು ಕೊಕ್ಕೆಯ ಕಣ್ಣಿನ ಹತ್ತಿರದಿಂದ ಬಾಗಿನವರೆಗೆ ಒತ್ತಾಗಿ ಸುತ್ತಿ. ಬೂರುಗದ ಹತ್ತಿಯನ್ನು ದಾರದ ಮೇಲೆ ಬೆರಳಿನಿಂದ ಹೊಸೆದು ಬತ್ತಿಯಂತೆ ಮಾಡಿ, ಅದನ್ನು ಮುಂದಕ್ಕೆ ಸುತ್ತುತ್ತ ಮುಕ್ಕಾಲು ಭಾಗ ಬನ್ನಿ. ಅಲ್ಲಿ ಒಂದು ಕುತ್ತಿಗೆ ಗರಿಯ ಬುಡವನ್ನು ಕಟ್ಟಿ, ತುದಿಯನ್ನು ಬಟ್ಟೆಯ ಕ್ಲಿಪ್ಪಿನಿಂದ ಹಿಡಿದು ನಾಲ್ಕೈದು ಸುತ್ತು ಸುತ್ತಿದರೆ ಎಳೆಗಳು ಚಕ್ರದಂತೆ ಎದ್ದು ನಿಲ್ಲುತ್ತವೆ. ತುದಿಯನ್ನು ದಾರದಿಂದ ಬಿಗಿದು, ನಾಲ್ಕು ಗಂಟು ಹಾಕಿ, ಅಕ್ಕನ ಉಗುರುಬಣ್ಣದ ಒಂದು ಹನಿ ಇಡಿ. ಮೊದಲ ಐದಾರು ನೊಣಗಳು ಜಿರಳೆಯಂತೆಯೋ ಕಸದಂತೆಯೋ ಕಾಣುತ್ತವೆ. ಎಸೆಯಬೇಡಿ, ಬಿಚ್ಚಿದರೆ ಕೊಕ್ಕೆ ಮತ್ತೆ ಸಿಗುತ್ತದೆ. ಮೂರು ಸಾವಿರದ ಪೆಟ್ಟಿಗೆ ತರಿಸಿದವನ ಮೊದಲ ಐದಾರೂ ಹಾಗೆಯೇ ಇರುತ್ತವೆ.

ಈಗ ಕಾನೂನಿನ ಮಾತು. ಇದನ್ನು ಕೊನೆಗೆ ಇಟ್ಟದ್ದು ಚಿಕ್ಕದೆಂದಲ್ಲ.

ಹುಡುಗ ಮೊಬೈಲಿನಲ್ಲಿ ನೋಡಿದ ಚೆಂದದ ನೊಣಗಳ ಕೆನ್ನೆಯ ಮೇಲೆ ಹಳದಿ-ಬಿಳಿ ಹೊಳಪಿನ ಒಂದು ಚುಕ್ಕೆ ಇರುತ್ತದೆ, ಪುಟ್ಟ ಮೀನಿನ ಕಣ್ಣಿನಂತೆ. ಬಣ್ಣ ಬಳಿದದ್ದಲ್ಲ. ಗರಿಯ ದಂಟೇ ಅಗಲವಾಗಿ ಗಟ್ಟಿಯಾಗಿ, ಮೇಣದ ಹನಿಯಂತೆ ಆಗಿರುವುದು. ಇಂಥ ಗರಿ ಇರುವ ಹಕ್ಕಿ ಜಗತ್ತಿನಲ್ಲಿ ಒಂದೇ, ಅದು ದಕ್ಷಿಣ ಮತ್ತು ಪಶ್ಚಿಮ ಭಾರತದ ಕಾಡುಗಳ ಬೂದು ಕಾಡುಕೋಳಿ. ಶಿರಸಿ, ಸಿದ್ದಾಪುರ, ಯಲ್ಲಾಪುರದ ಬೆಟ್ಟಗಳಲ್ಲಿ ಬೆಳಗಿನ ಜಾವ ಮುರಿದು ಮುರಿದು ಕೂಗುತ್ತದಲ್ಲ, ಅದೇ. ನೂರೈವತ್ತು ವರ್ಷಗಳ ಹಿಂದೆ ಇಂಗ್ಲೆಂಡಿನ ಸಿರಿವಂತರು ಸಾಲ್ಮನ್ ಮೀನಿಗೆ ಹುಸಿನೊಣ ಕಟ್ಟಿಸುವಾಗ ಇದರ ಗರಿಗೆ ಎಲ್ಲಿಲ್ಲದ ಬೇಡಿಕೆ. ಗರಿಗಾಗಿ ಹುಂಜಗಳನ್ನು ಕೊಂದು ಕುತ್ತಿಗೆಯ ತೊಗಲನ್ನೇ ಹಡಗಿಗೆ ಏರಿಸಿದರು.

ಇಂದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಈ ಹಕ್ಕಿಯನ್ನು ಕಾಯುತ್ತದೆ. ಬೇಟೆಯೂ ಅಪರಾಧ, ಗರಿಯ ವ್ಯಾಪಾರವೂ ಅಪರಾಧ. ಉರುಳಿಗೆ ಬಿದ್ದದ್ದು ಎಂದು ಯಾರಾದರೂ ತೊಗಲು ತಂದುಕೊಟ್ಟರೆ ಪಾಲಕರು ಮುಟ್ಟಬಾರದು. ನವಿಲಿನ ವಿಚಾರ ಸ್ವಲ್ಪ ಬೇರೆ. ತಾನಾಗಿ ಉದುರಿದ ಬಾಲದ ಗರಿಗೆ ದೇಶದೊಳಗೆ ವಿನಾಯಿತಿ ಇದೆ, ಹೊರದೇಶಕ್ಕೆ ಕಳಿಸುವಂತಿಲ್ಲ. ಮನೆಯ ಗೋಡೆಗೆ ಸಿಕ್ಕಿಸಿದ ಹಳೆಯ ನವಿಲುಗರಿಯೊಂದರ ಎಳೆಗಳಿಂದ ಹತ್ತಾರು ನೊಣಗಳ ಹೊಟ್ಟೆ ಸುತ್ತಬಹುದು.

ಗರಿಯ ಹುಚ್ಚು ಎಲ್ಲಿಯವರೆಗೆ ಹೋದೀತು ಎಂಬುದಕ್ಕೆ 2009ರ ಒಂದು ಪ್ರಕರಣ ಸಾಕ್ಷಿ. ಇಂಗ್ಲೆಂಡಿನ ಟ್ರಿಂಗ್ ಎಂಬಲ್ಲಿರುವ ನಿಸರ್ಗ ವಸ್ತುಸಂಗ್ರಹಾಲಯಕ್ಕೆ ಸಂಗೀತ ಕಲಿಯುತ್ತಿದ್ದ ಅಮೆರಿಕದ ಯುವಕನೊಬ್ಬ ರಾತ್ರಿ ನುಗ್ಗಿ 299 ಹಕ್ಕಿಗಳ ಒಣತೊಗಲು ಕದ್ದ. ಡಾರ್ವಿನ್ನನ ಸಮಕಾಲೀನ ಆಲ್ಫ್ರೆಡ್ ರಸೆಲ್ ವಾಲೇಸ್ ಕಾಡು ಅಲೆದು ಸಂಗ್ರಹಿಸಿದ್ದವೂ ಅದರಲ್ಲಿದ್ದವು. ಹುಸಿನೊಣ ಕಟ್ಟುವವರಿಗೆ ಮಾರುವುದೇ ಉದ್ದೇಶ. ಸಿಕ್ಕಿಬಿದ್ದ, ಆದರೆ ಹಲವು ಹಕ್ಕಿಗಳ ಚೀಟಿ ಕಿತ್ತುಹೋಗಿತ್ತು. ಎಲ್ಲಿ, ಯಾವಾಗ ಸಿಕ್ಕಿದ್ದು ಎಂಬ ಚೀಟಿ ಇಲ್ಲದ ಹಕ್ಕಿ ವಿಜ್ಞಾನಿಗೆ ಹೆಚ್ಚೇನೂ ಹೇಳಲಾರದು. ಕೆಲವಂತೂ ಮರಳಿ ಬರಲೇ ಇಲ್ಲ. ಆ ಗರಿಗಳಿಂದ ಕಟ್ಟಿದ ಬಹುತೇಕ ನೊಣಗಳು ನೀರನ್ನೇ ಕಾಣದೆ ಗಾಜಿನ ಚೌಕಟ್ಟಿನಲ್ಲಿ ಉಳಿಯುವಂಥವು.

ಕಾಡುಕೋಳಿಯ ಚುಕ್ಕೆ ಬೇಕೇ ಬೇಕೆಂದರೆ ಹೇಂಟೆಯ ಕಪ್ಪು ಗರಿಯ ತುದಿಗೆ ಬಿಳಿ ಉಗುರುಬಣ್ಣದ ಒಂದು ಹನಿ, ಒಣಗಿದ ಮೇಲೆ ಹಳದಿಯ ಒಂದು ಹನಿ ಇಟ್ಟರಾಯಿತು. ಅಂದಹಾಗೆ, ಅಜ್ಜನ ಹುಂಜದ ಕಾಲು ಹಳದಿಯೋ ನೋಡಿ. ಸಾಕುಕೋಳಿಯ ಮುಖ್ಯ ಮೂಲಪುರುಷ ಕೆಂಪು ಕಾಡುಕೋಳಿ. ಆದರೆ ಅನೇಕ ಸಾಕುಕೋಳಿಗಳಲ್ಲಿ ಕಾಣುವ ಹಳದಿ ಚರ್ಮದ ಜೀನ್ ಬಂದದ್ದು ನಮ್ಮ ಬೂದು ಕಾಡುಕೋಳಿಯಿಂದ ಎಂದು 2008ರಲ್ಲಿ ವಿಜ್ಞಾನಿಗಳು ತೋರಿಸಿಕೊಟ್ಟರು. ಹಳದಿ ಕಾಲಿನ ಹುಂಜ ಕಾಡಿನ ನೆಂಟನೇ ಆಯಿತಲ್ಲ!

ಹುಡುಗನಿಗೆ ಇನ್ನೆರಡು ಮಾತು. ಕೆರೆಗಳಲ್ಲಿ ಮೀನು ಹಿಡಿಯುವ ಹಕ್ಕನ್ನು ಸಾಮಾನ್ಯವಾಗಿ ಗುತ್ತಿಗೆಗೆ ಕೊಟ್ಟಿರುತ್ತಾರೆ, ಕೇಳಿಯೇ ಗಾಳ ಹಾಕಬೇಕು. ಬಿತ್ತನೆ ಮಾಡುವ ಕಾಟ್ಲಾ, ರೋಹು, ಮೃಗಾಲಗಳಿಗೆ ನೊಣದ ಮೇಲೆ ಅಂಥ ಆಸೆಯಿಲ್ಲ; ಕಾಟ್ಲಾ ನೀರಿನಲ್ಲಿರುವ ಸೂಕ್ಷ್ಮಜೀವಿಗಳನ್ನು ಸೋಸಿ ತಿನ್ನುತ್ತದೆ, ಮೃಗಾಲ ತಳದ ಕೆಸರು ಕೆದಕುತ್ತದೆ. ಹುಸಿನೊಣಕ್ಕೆ ಏಳುವುದು ಮೇಲ್ಮೈಯಲ್ಲಿ ಓಡಾಡುವ ಬೆರಳುದ್ದದ ಬೆಳ್ಳಿಮೀನುಗಳು. ಬೆಂಡಿನ ಕಪ್ಪೆಗೆ ಕೊರವ ಮೀನು ಎದ್ದೀತು. ಆದರೆ ಮಳೆಗಾಲದಲ್ಲಿ ಕೆಂಪಗಿನ ಮರಿಗಳ ಹಿಂಡಿನ ಕೆಳಗೆ ಕಾವಲು ನಿಂತ ಕೊರವಕ್ಕೆ ಗಾಳ ಹಾಕಬಾರದು. ಅದನ್ನು ಎತ್ತಿದರೆ ಇಡೀ ಹಿಂಡು ಬೇರೆ ಮೀನುಗಳ ಪಾಲು.

ಮೀನು ಹಿಡಿಯದ, ತಿನ್ನದ ಮನೆಗಳ ಮಕ್ಕಳೂ ಈ ನೊಣವನ್ನು ಕಟ್ಟಬಹುದು. ಒಂದು ಗಾಜಿನ ಲೋಟದ ತುಂಬ ನೀರು ಇಟ್ಟು ನೊಣವನ್ನು ಮೆಲ್ಲಗೆ ಮೇಲೆ ಬಿಡಿ. ಲೋಟವನ್ನು ಕಣ್ಣಿಗಿಂತ ಎತ್ತರಕ್ಕೆ ಹಿಡಿದು ಕೆಳಗಿನಿಂದ ಮೀನಿನ ಹಾಗೆ ನೋಡಿ. ಎಳೆಗಳು ನೀರನ್ನು ಒತ್ತಿದ ತಗ್ಗುಗಳು ಕಾಣುತ್ತವೆ. ಆಮೇಲೆ ಲೋಟದ ಅಂಚಿಗೆ ಪಾತ್ರೆ ತೊಳೆಯುವ ಸೋಪಿನ ದ್ರಾವಣದ ಒಂದೇ ಹನಿ ಬಿಡಿ. ಮೇಲ್ಮೈ ಎಳೆತ ಅರ್ಧದಷ್ಟಕ್ಕೆ ಇಳಿಯುತ್ತದೆ, ಎಳೆಗಳ ನಡುವೆ ನೀರು ನುಗ್ಗುತ್ತದೆ, ನೊಣ ತಳ ಸೇರುತ್ತದೆ. ಶಾಲೆಯ ವಿಜ್ಞಾನ ಪ್ರದರ್ಶನಕ್ಕೆ ಇಷ್ಟು ಅಗ್ಗದ ಮಾದರಿ ಸಿಗುವುದು ಕಷ್ಟ.

ಹುಂಜ ಗರಿ ಉದುರಿಸುವುದು ಹೆಚ್ಚಾಗಿ ಹಗಲು ಕಿರಿದಾಗುತ್ತ ಬರುವ ದಿನಗಳಲ್ಲಿ. ಆರಿಸಿದ ಗರಿಯನ್ನು ಸೋಪು ನೀರಿನಲ್ಲಿ ತೊಳೆದು, ನೆರಳಿನಲ್ಲಿ ಒಣಗಿಸಿ, ಮುಚ್ಚಳ ಬಿಗಿಯಾದ ಬಿಸ್ಕತ್ ಡಬ್ಬಿಯಲ್ಲಿ ಎರಡು ನುಸಿಗುಳಿಗೆ ಹಾಕಿ ಇಡಬೇಕು. ಕಾಯಿಲೆಯಿಂದ ಸತ್ತ ಕೋಳಿಯ ಗರಿ ಬೇಡ. ತೊಳೆದಾಗ ಗರಿಯ ಸಹಜ ಎಣ್ಣೆ ಹೋಗಿರುತ್ತದೆ. ನೀರಿಗೆ ಬಿಡುವ ಮುನ್ನ ಬೆರಳಿಗೆ ತುಸು ಜೇನುಮೇಣ ಸವರಿಕೊಂಡು ಎಳೆಗಳ ಮೇಲೆ ಒಮ್ಮೆ ಆಡಿಸಿ.